ಕಡಲು ಮರಳಿಸಿದ ಕಸ

ಮಳೆಗಾಲದ ದೊಡ್ಡ ಉಬ್ಬರ ಇಳಿದ ಮೇಲೆ ಮರೀನ್ ಡ್ರೈವ್, ದಾದರ್ ಚೌಪಾಟಿ, ಜುಹೂ, ವರ್ಸೋವಾ, ಇವುಗಳಲ್ಲಿ ಯಾವ ತೀರಕ್ಕೆ ಹೋದರೂ ಮುಂಬಯಿಯ ನಿವಾಸಿಗೆ ಕಾಣಸಿಗುವ ನೋಟ ಒಂದೇ. ಹರಿದ ಚೀಲ, ಖಾಲಿ ಬಾಟಲಿ, ಒಂಟಿ ಚಪ್ಪಲಿ, ಥರ್ಮೋಕೋಲಿನ ಚೂರು, ಮೀನುಬಲೆಯ ತುಂಡು, ಹಲ್ಲುಜ್ಜುವ ಬ್ರಷ್ಷು ಇವೆಲ್ಲವನ್ನೂ ಸಮುದ್ರರಾಜನು ಮರಳಿನ ಮೇಲೆ ಉದ್ದನೆಯ ಗೆರೆಯಾಗಿ ಜೋಡಿಸಿಟ್ಟು ಹಿಂದಕ್ಕೆ ಸರಿದಿರುತ್ತಾನೆ. ಮಹಾನಗರಪಾಲಿಕೆಯ ಕೆಲಸಗಾರರು ಅದನ್ನು ಗೋರಿ ಲಾರಿಗೆ ತುಂಬುತ್ತಾರೆ. ಮುಂದಿನ ಉಬ್ಬರಕ್ಕೆ ಮತ್ತೊಂದು ಗೆರೆ ಸಿದ್ಧವಾಗುತ್ತದೆ.

ಈ ಕೆಲಸವನ್ನು ಪಾಲಿಕೆಯ ಕೆಲಸಗಾರರ ಪಾಲಿಗೇ ಬಿಟ್ಟು ಕುಳಿತುಕೊಳ್ಳದೆ, ಊರಿನ ಜನರು ತಾವಾಗಿ ಒಂದುಗೂಡಿ ತೀರವನ್ನು ಗುಡಿಸುವ ಪದ್ಧತಿ ಈಗ ಜಗತ್ತಿನ ಹಲವು ಕಡೆಗಳಲ್ಲಿ ಬೇರೂರಿದೆ. ಹೀಗೆ ಕೂಡಿಸಿದ ಕಸವನ್ನು ತೊಳೆದು, ಬಣ್ಣದ ಪ್ರಕಾರ ವಿಂಗಡಿಸಿ, ಅದರಿಂದಲೇ ಮೀನು, ಆಮೆ, ಹಕ್ಕಿಗಳ ಬೃಹದಾಕೃತಿಗಳನ್ನು ಕಟ್ಟಿ ಜನರೆದುರು ನಿಲ್ಲಿಸುವ ಕ್ರಮವೂ ಅದರೊಡನೆ ಬೆಳೆದಿದೆ. ನಮ್ಮ ದೇಶದ ಕೆಲವು ಕಡಲತೀರಗಳಲ್ಲಿಯೂ ಕಬ್ಬಿಣದ ಸರಳಿನ ಮೀನನ್ನು ನಿಲ್ಲಿಸಿ ಅದರ ಹೊಟ್ಟೆಗೆ ಖಾಲಿ ಬಾಟಲಿಗಳನ್ನು ತುಂಬಿಸುವುದನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಇದು ಕೇವಲ ವಿನೋದವೋ, ಇದರಿಂದ ಪ್ರಯೋಜನವೂ ಉಂಟೋ ಎಂಬ ಪ್ರಶ್ನೆ ಸಹಜವಾದುದು. ಪ್ರಯೋಜನ ಉಂಟು ಎಂಬುದು ನಮ್ಮ ಅಭಿಪ್ರಾಯ. ಆದರೆ ಒಂದು ನಿಬಂಧನೆಯೊಡನೆ. ಕಸದಿಂದ ಕಟ್ಟಿದ ಆಕೃತಿಯು ಆ ಕಸ ಎಲ್ಲಿಂದ ಬಂತೆಂಬುದನ್ನು ಮರೆಸಕೂಡದು, ಹೇಳಬೇಕು.

ತೀರದ ಕಸವನ್ನು ಹೆಕ್ಕುವುದರೊಡನೆ ಎಣಿಸುವ ಪದ್ಧತಿಯೂ ಇತ್ತೀಚಿನದಲ್ಲ. 1986ರಲ್ಲಿ ಅಮೇರಿಕದ ಟೆಕ್ಸಾಸ್ ಪ್ರಾಂತದ ಕಡಲಂಚಿನಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓ'ಹಾರಾ ಎಂಬ ಇಬ್ಬರು ಮಹಿಳೆಯರು ಸುಮಾರು 2,800 ಜನರನ್ನು ಕೂಡಿಸಿ ಒಂದೇ ದಿನದಲ್ಲಿ 124 ಟನ್ ಕಸವನ್ನು ತೆಗೆಸಿದರು. ಅವರು ಮಾಡಿದ ದೊಡ್ಡ ಕೆಲಸ ಆ 124 ಟನ್ನಿನಲ್ಲಿಲ್ಲ. ಪ್ರತಿಯೊಬ್ಬ ಸ್ವಯಂಸೇವಕನ ಕೈಗೂ ಒಂದು ಕಾರ್ಡನ್ನು ಕೊಟ್ಟು, ತಾನು ಹೆಕ್ಕಿದ್ದರಲ್ಲಿ ಬಾಟಲಿ ಎಷ್ಟು, ಚೀಲ ಎಷ್ಟು, ಹಗ್ಗ ಎಷ್ಟು ಎಂದು ಬರೆಯಿಸಿದರು. ಗುಮಾಸ್ತನ ಕೆಲಸವೆಂದು ಯಾರಾದರೂ ಹಗುರವಾಗಿ ಕಾಣಬಹುದಾದ ಈ ಲೆಕ್ಕದಿಂದಲೇ, ಯಾವ ವಸ್ತು ಎಲ್ಲಿಂದ ಬಂದು ಸಮುದ್ರವನ್ನು ಸೇರುತ್ತದೆಂಬುದನ್ನು ಅಂಕಿಗಳಿಂದ ತೋರಿಸಲು ಸಾಧ್ಯವಾಯಿತು. ಇಂದಿಗೂ ಸಪ್ಟೆಂಬರ್ ತಿಂಗಳ ಮೂರನೆಯ ಶನಿವಾರದ ಸುಮಾರಿಗೆ ನಾನಾ ದೇಶಗಳಲ್ಲಿ ನಡೆಯುವ ತೀರಶುದ್ಧಿಯ ದಿನಕ್ಕೆ ಆ ಕಾರ್ಡೇ ಮೂಲ.

ಕಲೆಯ ಮಾತಿಗೆ ಬಂದರೆ, ಅದೇ ಅಮೇರಿಕದ ಪಶ್ಚಿಮ ಕರಾವಳಿಯಲ್ಲಿ ಬ್ಯಾಂಡನ್ ಎಂಬ ಸಣ್ಣ ಊರಿದೆ. ಏಂಜಲಾ ಹೇಸಲ್ಟೈನ್ ಪೊಜ್ಜಿ ಎಂಬ ಚಿತ್ರಕಲೆಯ ಉಪಾಧ್ಯಾಯಿನಿಯೊಬ್ಬರು ಪತಿವಿಯೋಗದ ದುಃಖದಲ್ಲಿ ಆ ತೀರವನ್ನು ಸೇರಿದವರು, ಅಲ್ಲಿ ಅಲೆಯು ತಂದೊಗೆಯುತ್ತಿದ್ದ ಪ್ಲಾಸ್ಟಿಕ್ಕನ್ನು ಕಂಡು, 2010ರಲ್ಲಿ ಊರವರನ್ನು ಕೂಡಿಸಿ ಕೆಲಸಕ್ಕೆ ತೊಡಗಿದರು. ಮಕ್ಕಳು, ಮುದುಕರು, ಪ್ರವಾಸಿಗಳು ಎಲ್ಲರೂ ಹೆಕ್ಕುವವರೇ, ತೊಳೆಯುವವರೇ, ತಂತಿಯಿಂದ ಹೊಲಿಯುವವರೇ. ಉಕ್ಕಿನ ಚೌಕಟ್ಟಿನ ಮೇಲೆ ಕಸದ ತುಂಡುಗಳನ್ನು ಬಿಟ್ಟರೆ ಬೇರೇನನ್ನೂ ಹೊದಿಸದ ಅವರ ಮೀನುಗಳೂ ಹಕ್ಕಿಗಳೂ 2016ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪ್ರಾಣಿಸಂಗ್ರಹಾಲಯದವರೆಗೆ ಹೋಗಿ ನಿಂತವು. ದೂರದಿಂದ ಸುಂದರವಾಗಿ ಕಾಣುವ ಮೀನಿನ ಹತ್ತಿರಕ್ಕೆ ಹೋದೊಡನೆ, ಅದರ ಹೊರಮೈಯಲ್ಲಿ ನೋಡುವವನ ಮನೆಯ ಮುಚ್ಚಳ, ನೋಡುವವನ ಮಗುವಿನ ಆಟಿಕೆ! ಆ ಕಲೆಯ ಪ್ರಭಾವವೆಲ್ಲ ಈ ಒಂದು ಕ್ಷಣದಲ್ಲಿದೆ.

ಆದರೆ ಭಾರತದವರಾದ ನಮಗೆ ಅಮೇರಿಕಕ್ಕಿಂತಲೂ ಆಫ್ರಿಕದ ಪೂರ್ವ ಕರಾವಳಿಯ ಉದಾಹರಣೆ ಹೆಚ್ಚು ಸಮೀಪವಾದುದು. ಏಕೆಂದರೆ ಅಲ್ಲಿಯದೂ ನಮ್ಮದೂ ಒಂದೇ ಸಮುದ್ರ. ಕೀನ್ಯಾ ದೇಶದ ಉತ್ತರದ ಅಂಚಿನಲ್ಲಿ, ಲಾಮು ದ್ವೀಪಗಳ ಆಚೆ, ಕಿಯುಂಗಾ ಎಂಬಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ತೀರಗಳಿವೆ. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಸವೆದ ರಬ್ಬರ್ ಚಪ್ಪಲಿಗಳು ಪ್ರವಾಹದೊಡನೆ ಬಂದು ಆ ಮರಳಿನ ಮೇಲೆ ಬೀಳುತ್ತವೆ. ಮೀನುಗಾರರ ಮಕ್ಕಳು ಅವನ್ನು ಕತ್ತರಿಸಿ ಆಟಿಕೆ ಮಾಡಿಕೊಳ್ಳುತ್ತಿದ್ದುದನ್ನು ಜೂಲಿ ಚರ್ಚ್ ಎಂಬ ಸಮುದ್ರಜೀವಿ ಸಂರಕ್ಷಕರು 1990ರ ದಶಕದ ಕೊನೆಯಲ್ಲಿ ಕಂಡರು. ಅಲ್ಲಿಯ ಹೆಂಗಸರಿಗೆ ಚಪ್ಪಲಿಗಳನ್ನು ಹೆಕ್ಕಿ, ತೊಳೆದು, ಅಂಟಿಸಿ, ಕೆತ್ತಿ ಆನೆ, ಜಿರಾಫೆ, ಆಮೆಗಳ ಬೊಂಬೆ ಮಾಡಲು ಉತ್ತೇಜನ ದೊರೆಯಿತು. ಮುಂದೆ ಅದು ನೈರೋಬಿಯಲ್ಲಿ ಓಷನ್ ಸೋಲ್ ಎಂಬ ಉದ್ಯಮವಾಗಿ ಬೆಳೆಯಿತು. ಹೆಕ್ಕಿದವರಿಗೆ ತೂಕದ ಮೇಲೆ ಹಣ, ಕೆತ್ತಿದವರಿಗೆ ಕೂಲಿ. ಇಲ್ಲಿ ಕಲೆಯು ಬಡವನ ಹೊಟ್ಟೆಗೆ ಒಂದಿಷ್ಟಾದರೂ ಆಧಾರವಾಗಿದೆ ಎಂಬುದನ್ನು ಗಮನಿಸಬೇಕು.

ಲಾಮುವಿನ ದೋಣಿ ಕಟ್ಟುವ ಕುಶಲಕರ್ಮಿಗಳು ಇನ್ನೂ ಮುಂದೆ ಹೋದರು. ಅರಬ್ಬರೂ ಗುಜರಾತಿಗಳೂ ನಮ್ಮ ಕರಾವಳಿಯವರೂ ಶತಮಾನಗಳ ಕಾಲ ಹಾಯಿ ಬಿಚ್ಚಿ ನಡೆಸಿದ ಹಡಗುಗಳುಂಟಷ್ಟೆ? ಮಂಗಳೂರು, ಮಲ್ಪೆಯ ಹಿರಿಯರು ಮಂಜಿ ಎಂದು ಕರೆಯುವ ಆ ನೌಕೆಗಳ ಬಳಗದ್ದೇ ಆಫ್ರಿಕದ ‘ಧೌ’. ಅಲಿ ಸ್ಕಂದಾ ಎಂಬ ಕುಶಲಿಯ ಮುಂದಾಳುತನದಲ್ಲಿ ಅಂಥ 9 ಮೀಟರ್ ಉದ್ದದ ಹಾಯಿದೋಣಿಯೊಂದನ್ನು, ಮರದ ಬದಲು ಕರಗಿಸಿ ಎರಕ ಹೊಯ್ದ ಸುಮಾರು 10 ಟನ್ ಹಳೆಯ ಪ್ಲಾಸ್ಟಿಕ್ಕಿನಿಂದ ಕಟ್ಟಿದರು. ಮೈಗೆಲ್ಲ ಸುಮಾರು 30,000 ಹಳೆಯ ಚಪ್ಪಲಿಗಳ ಬಣ್ಣಬಣ್ಣದ ಹೊದಿಕೆ. 2018ರ ಸಪ್ಟೆಂಬರಿನಲ್ಲಿ ನೀರಿಗಿಳಿದ ಈ ‘ಫ್ಲಿಪ್‌ಫ್ಲಾಪಿ’ 2019ರ ಆರಂಭದಲ್ಲಿ ಲಾಮುವಿನಿಂದ ಝಂಜಿಬಾರಿನವರೆಗೆ ಸುಮಾರು 500 ಕಿಲೋಮೀಟರ್ ಪಯಣಿಸಿ, ನಡುವಿನ ಊರೂರಿನಲ್ಲಿ ನಿಂತು, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬೇಡವೆಂದು ಜನರಿಗೆ ಸಾರಿತು. ಕಸದ ದೋಣಿ ತೇಲೀತೇ ಎಂದು ನಕ್ಕವರೂ ಅಲ್ಲಿ ಇದ್ದಿರಲೇಬೇಕು, ಅದು ತೇಲಿತು. ಅದಕ್ಕೂ ಮೊದಲೇ, 2017ರ ಆಗಸ್ಟಿನಿಂದ, ಕೀನ್ಯಾ ಸರಕಾರವು ಪ್ಲಾಸ್ಟಿಕ್ ಚೀಲವನ್ನು ಕಠಿಣ ಶಿಕ್ಷೆಯೊಡನೆ ನಿಷೇಧಿಸಿತ್ತು. ಬಣ್ಣದ ದೋಣಿ ಒಂದು ಕಡೆ, ಕಾನೂನು ಇನ್ನೊಂದು ಕಡೆ. ಎರಡೂ ಕೂಡಿದ್ದರಿಂದಲೇ ಆ ಪಯಣಕ್ಕೆ ಅರ್ಥ ಬಂತು.

ಕಸದಿಂದ ಕಲೆಯನ್ನು ಕಲಿಯಲು ನಾವು ಪರದೇಶಕ್ಕೇ ಹೋಗಬೇಕಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬಹುದು. ಚಂಡೀಗಢದಲ್ಲಿ ರಸ್ತೆ ಇನ್ಸ್‌ಪೆಕ್ಟರನಾಗಿದ್ದ ನೇಕ್ ಚಂದ್ 1950ರ ದಶಕದ ಕೊನೆಯಿಂದ, ಕಚೇರಿಯ ವೇಳೆ ಮುಗಿದ ಮೇಲೆ, ಯಾರಿಗೂ ತಿಳಿಸದೆ, ಒಡೆದ ಬಳೆ, ಪಿಂಗಾಣಿ, ಕಟ್ಟಡಗಳ ಅವಶೇಷಗಳಿಂದ ಕಾಡಿನೊಳಗೆ ಒಂದು ಲೋಕವನ್ನೇ ಕಟ್ಟಿದನು. 1970ರ ದಶಕದಲ್ಲಿ ಅದು ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕೆಡವಿಸದೆ ಉಳಿಸಿದ್ದು ದೊಡ್ಡ ಮಾತು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಸಾಮಾನ್ಯ ನೌಕರನೊಬ್ಬನ ಬಿಡುವಿನ ವೇಳೆಯಲ್ಲಿ ಎಷ್ಟು ಶಕ್ತಿ ಅಡಗಿರುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಸಂದೇಹದ ಪಕ್ಷ. ಕಸವನ್ನು ಅಲಂಕರಿಸಿದರೆ ಕಸದ ಮೇಲಿನ ಸಿಟ್ಟು ಇಳಿಯುವುದಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚರಿತ್ರೆಯಲ್ಲಿ ಇದಕ್ಕೊಂದು ಪಾಠವೂ ಉಂಟು. 1953ರಲ್ಲಿ ಅಮೇರಿಕದ ವರ್ಮಾಂಟ್ ಪ್ರಾಂತವು, ಮರಳಿ ತೆಗೆದುಕೊಳ್ಳದ ಬಿಯರ್ ಬಾಟಲಿಗಳ ಮಾರಾಟವನ್ನು ನಿಷೇಧಿಸಿತು. ಅದೇ ವರ್ಷ ಡಬ್ಬಿ, ಬಾಟಲಿ, ಪಾನೀಯಗಳ ಉದ್ಯಮದವರು ಸೇರಿ ‘ಅಮೇರಿಕವನ್ನು ಸುಂದರವಾಗಿಡಿ’ ಎಂಬ ಸಂಸ್ಥೆಯನ್ನು ಕಟ್ಟಿ, ಕಸ ಬಿಸಾಡುವ ಸಾಮಾನ್ಯ ಮನುಷ್ಯನೇ ಅಪರಾಧಿ ಎಂಬ ಪ್ರಚಾರವನ್ನು ದೇಶಾದ್ಯಂತ ನಡೆಸಿದರು. ವರ್ಮಾಂಟಿನ ಕಾನೂನು 1957ರಲ್ಲಿ ಇಲ್ಲವಾಯಿತು. ಪ್ರಚಾರ ಮಾತ್ರ ದಶಕಗಳ ಕಾಲ ನಡೆಯಿತು. ಬಿಸಾಡುವವನದು ತಪ್ಪಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬಿಸಾಡುವುದಕ್ಕೆಂದೇ ತಯಾರಿಸಿದ ವಸ್ತುವನ್ನು ಕೋಟಿಗಟ್ಟಲೆ ಹೊರತರುವವನನ್ನು ಬಿಟ್ಟು, ಅದನ್ನು ಕೈಯಲ್ಲಿ ಹಿಡಿದವನನ್ನು ಮಾತ್ರ ಹಿಡಿಯುವುದು ಯಾವ ನ್ಯಾಯ? ಮತ್ತೆ ಬಳಕೆಗೆ ತರುತ್ತೇವೆಂಬ ಸಮಾಧಾನದ ಮಾತಿಗೂ ಹೆಚ್ಚು ಆಧಾರವಿಲ್ಲ. 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯಾದದ್ದು ಶೇಕಡಾ 9ರಷ್ಟು ಮಾತ್ರ ಎಂದು 2017ರಲ್ಲಿ ಪ್ರಕಟವಾದ ವೈಜ್ಞಾನಿಕ ಗಣನೆ ತಿಳಿಸಿತು. ಉಳಿದುದರ ಬಹುಪಾಲು ನೆಲದಲ್ಲಿಯೋ ನೀರಿನಲ್ಲಿಯೋ ಉಳಿದಿದೆ. ಅದು ಕರಗುವ ಪದಾರ್ಥವಲ್ಲ. ಬಿಸಿಲಿಗೆ ಸೀಳಿ, ಅಲೆಗೆ ಒಡೆದು, ಕಣ್ಣಿಗೆ ಕಾಣದ ಪುಡಿಯಾಗಿ ಮೀನಿನ ಹೊಟ್ಟೆಯನ್ನು ಸೇರುತ್ತದೆ. ಪುಡಿಯಾದ ಮೇಲೆ ಅದನ್ನು ಹೆಕ್ಕುವ ಕೈಯೂ ಇಲ್ಲ, ಅದರಿಂದ ಕಟ್ಟುವ ಆಮೆಯೂ ಇಲ್ಲ.

ನಮ್ಮ ಮುಂಬಯಿಯ ವರ್ಸೋವಾದ ಅನುಭವವು ಈ ದೃಷ್ಟಿಯಿಂದ ಬಹು ಬೋಧಪ್ರದವಾಗಿದೆ. 2015ರ ಅಕ್ಟೋಬರಿನಲ್ಲಿ ಅಫ್ರೋಜ್ ಶಾ ಎಂಬ ತರುಣ ವಕೀಲರು 84 ವರ್ಷದ ನೆರೆಯವರೊಬ್ಬರನ್ನು ಜತೆಗೆ ಕರೆದುಕೊಂಡು ಅಲ್ಲಿಯ ತೀರಕ್ಕಿಳಿದರು. ಇಬ್ಬರಿಂದ ಆರಂಭವಾದ ಕೆಲಸಕ್ಕೆ ವಾರವಾರವೂ ನೂರಾರು ಜನ ಬಂದರು. ಮೀನುಗಾರರು, ವಿದ್ಯಾರ್ಥಿಗಳು, ಝೋಪಡಪಟ್ಟಿಯವರು, ಚಿತ್ರನಟರು ಎಲ್ಲರೂ ಸೇರಿ ಲಕ್ಷಾಂತರ ಕಿಲೋ ಕಸವನ್ನು ತೆಗೆದರು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಶಾ ಅವರನ್ನು ಗೌರವಿಸಿತು. ಇಷ್ಟಾದರೂ 2017ರ ನವೆಂಬರಿನಲ್ಲಿ ಆ ಕೆಲಸವನ್ನು ಕೆಲವು ಕಾಲ ನಿಲ್ಲಿಸಬೇಕಾಯಿತು. ಸ್ವಯಂಸೇವಕರಿಗೆ ಪುಂಡರ ಕಿರುಕುಳ, ಕೂಡಿಹಾಕಿದ ರಾಶಿಯನ್ನು ಎತ್ತುವುದರಲ್ಲಿ ವಿಳಂಬ, ಇವು ಆಗ ಕೇಳಿಬಂದ ಕಾರಣಗಳು. ಮುಂದೆ ಕೆಲಸ ಮತ್ತೆ ಸಾಗಿತು. 2018ರ ಮಾರ್ಚಿನಲ್ಲಿ ಸುಮಾರು 80 ಆಲಿವ್ ರಿಡ್ಲೆ ಕಡಲಾಮೆಯ ಮರಿಗಳು ಆ ಮರಳಿನೊಳಗಿಂದ ಎದ್ದು, ನಾಯಿಗಳ ಬಾಯಿಗೆ ಬೀಳದಂತೆ ಕಾವಲು ನಿಂತ ಜನರ ನಡುವಿನಿಂದ ಸಮುದ್ರವನ್ನು ಸೇರಿದವು. ಪ್ಲಾಸ್ಟಿಕ್ಕಿನ ಆಮೆಯನ್ನು ಕಟ್ಟುವವರಿಗೆ ಜೀವಂತ ಆಮೆಯೇ ಬಂದು ಒಪ್ಪಿಗೆ ಕೊಟ್ಟಂತಾಯಿತು.

ಆದರೂ ವರ್ಸೋವಾಕ್ಕೆ ಕಸ ಬರುವುದು ನಿಲ್ಲಲಿಲ್ಲ; ತೀರವನ್ನು ಎಷ್ಟು ಗುಡಿಸಿದರೂ ನಿಲ್ಲದು. ಏಕೆಂದರೆ ಅದು ತೀರದಲ್ಲಿ ಹುಟ್ಟುವ ಕಸವಲ್ಲ. ನಗರದ ನಾಲಾಗಳು, ಮೀಠಿ ನದಿ, ಮಾಹಿಮಿನ ಖಾಡಿ, ಇವು ಅದರ ರಾಜಮಾರ್ಗಗಳು. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೀರು ಹೊರಹೋಗದಂತೆ ಮೋರಿಗಳ ಬಾಯಿ ಕಟ್ಟಿದ್ದರಲ್ಲಿ ಪ್ಲಾಸ್ಟಿಕ್ ಚೀಲಗಳ ಪಾತ್ರ ಎಷ್ಟಿತ್ತೆಂಬುದನ್ನು ಅಂದು ಹೋಟೆಲುಗಳ ಅಟ್ಟದ ಮೇಲೆ ರಾತ್ರಿ ಕಳೆದ ನಮ್ಮ ಬಂಧುಗಳು ಮರೆತಿರಲಾರರು. ಸಮುದ್ರವಿಲ್ಲದ ಊರಿನವರು ತಮಗೇನು ಎನ್ನುವಂತಿಲ್ಲ. ಪುಣೆಯ ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಭೀಮೆಯು ವಿಜಯಪುರ, ಕಲಬುರ್ಗಿಗಳನ್ನು ಹಾಯ್ದು ಕೃಷ್ಣೆಯನ್ನು ಕೂಡುತ್ತದೆ. ಪುಣೆಯಲ್ಲಿ ದುಡಿಯುವ ಕನ್ನಡಿಗನು ನಾಲೆಗೆ ಎಸೆದ ಚೀಲವು ಅವನ ಅಣ್ಣ ಊರಿನಲ್ಲಿ ಎತ್ತಿಗೆ ನೀರು ಕುಡಿಸುವ ಘಾಟಿಗೆ ತಲಪಿದರೆ ಆಶ್ಚರ್ಯವಿಲ್ಲ. ಹೈದರಾಬಾದಿನ ಮೂಸಿಯೂ ಕೃಷ್ಣೆಗೇ, ದಿಲ್ಲಿಯ ಯಮುನೆ ಗಂಗೆಗೆ. ಮದರಾಸಿನವರಿಗಂತೂ, ಅಂದರೆ ಇಂದಿನ ಚೆನ್ನೈಯವರಿಗೆ, ಮರೀನಾ ಮನೆಯ ಅಂಗಳದಲ್ಲೇ ಇದೆ.

ಇಲ್ಲಿಗೆ ನಮ್ಮ ವಾಚಕರ ಸ್ವಂತ ವಿಷಯಕ್ಕೆ ಬಂದೆವು. ಪರನಾಡಿನಲ್ಲಿ ಕನ್ನಡಿಗರ ಹೆಸರನ್ನು ಎತ್ತಿಹಿಡಿದ ಉದ್ಯಮ ಹೋಟೆಲು. ಒಂದು ಕಾಲಕ್ಕೆ ಅಲ್ಲಿ ಬಾಳೆಯೆಲೆ, ಮುತ್ತುಗದ ಎಲೆ, ಹಿತ್ತಾಳೆಯ ತಂಬಿಗೆ, ಸ್ಟೀಲಿನ ಬಟ್ಟಲು. ಮನೆಗೆ ಒಯ್ಯಬೇಕಾದವರು ತಮ್ಮ ಕ್ಯಾರಿಯರನ್ನು ತರುತ್ತಿದ್ದರು. ಈಗ ಕುಳಿತು ತಿನ್ನುವವರಿಗಿಂತ ಪಾರ್ಸಲ್ ಒಯ್ಯುವವರೇ ಹೆಚ್ಚಾಗಿರುವ ಹೋಟೆಲುಗಳಿವೆ. ಒಂದು ಪ್ಲೇಟ್ ಇಡ್ಲಿಯ ಪಾರ್ಸಲಿನಲ್ಲಿ ಸಾಂಬಾರಿಗೊಂದು ಚೀಲ, ಚಟ್ನಿಗೊಂದು ಚೀಲ, ಎಲ್ಲವನ್ನೂ ಹಿಡಿದಿಡಲು ಮತ್ತೊಂದು. ಬಿಸಿ ಸಾಂಬಾರನ್ನು ತೆಳು ಚೀಲಕ್ಕೆ ಹೊಯ್ದು, ಬೆರಳಿಗೆ ಸುತ್ತಿ ಗಂಟುಹಾಕುವ ನಮ್ಮ ಹುಡುಗರ ಚಾಕಚಕ್ಯತೆಯನ್ನು ಮೆಚ್ಚದವರಿಲ್ಲ. ಆದರೆ ಇಡ್ಲಿ ಐದು ನಿಮಿಷದಲ್ಲಿ ಮುಗಿದ ಮೇಲೆ ಆ ಗಂಟು ಎಲ್ಲಿಗೆ ಹೋಗುತ್ತದೆ?

ಮಹಾರಾಷ್ಟ್ರ ಸರಕಾರವು 2018ರ ಮಾರ್ಚ್ 23ರಂದು ಪ್ಲಾಸ್ಟಿಕ್ ನಿಷೇಧದ ಆಜ್ಞೆಯನ್ನು ಹೊರಡಿಸಿ, ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ಮತ್ತು ಸೆರೆವಾಸವೆಂದು ವಿಧಿಸಿತು. ಕರ್ನಾಟಕವು ಅದಕ್ಕಿಂತ ಎರಡು ವರ್ಷ ಮೊದಲೇ ಇಂಥ ನಿಷೇಧವನ್ನು ತಂದಿತ್ತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಪ್ಲಾಸ್ಟಿಕ್ಕಿನ ಲೋಟ, ತಟ್ಟೆ, ಚಮಚ, ನಳಿಗೆಗಳು ನಿಷಿದ್ಧವಾದವು. ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ತಪಾಸಣೆಯ ಸುದ್ದಿ ಬಂದಾಗ ಮಾತ್ರ ಚೀಲದ ಕಟ್ಟು ಮೇಜಿನ ಕೆಳಗೆ ಹೋಗುವುದು, ಅಧಿಕಾರಿ ತಿರುಗಿದೊಡನೆ ಮತ್ತೆ ಮೇಲೆ ಬರುವುದು, ಇಷ್ಟೇ ಕಾನೂನಿನ ಫಲವಾದರೆ ಏನು ಪ್ರಯೋಜನ? ಇದರಲ್ಲಿ ಮಾಣಿಯ ಮೇಲೆ ಸಿಟ್ಟಾಗಿ ಫಲವಿಲ್ಲ. ಯಾವ ಚೀಲ ಕೊಟ್ಟರೋ ಅದರಲ್ಲಿ ಕಟ್ಟುವುದು ಅವನ ಕೆಲಸ. ಏನನ್ನು ತರಿಸಬೇಕೆಂದು ನಿರ್ಧರಿಸುವವರು ಧಣಿಗಳು. ತಯಾರಿಸುವವರು ಅವರಿಗಿಂತ ಮೇಲೆ ಇದ್ದಾರೆ. ತಾವು ಮಾರಿದ ಹೊದಿಕೆಯ ಕಸವನ್ನು ಮರಳಿ ಒಯ್ಯುವ ಹೊಣೆಯನ್ನು 2016ರ ನಿಯಮಗಳು ಅವರ ಮೇಲೆಯೂ ಹೊರಿಸಿವೆ.

ಮುಂಬಯಿಯ ಕನ್ನಡ ಸಂಘಗಳಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ನಾಟಕ, ಯಕ್ಷಗಾನ, ಕ್ರೀಡಾಕೂಟ, ರಕ್ತದಾನಗಳಿಗೆ ಜನ ಕೂಡುತ್ತಾರೆ. ಅನಂತ ಚತುರ್ದಶಿಯ ಮರುದಿನ ಗಿರ್ಗಾಂವ್, ದಾದರ್, ಜುಹೂ ತೀರಗಳ ಸ್ಥಿತಿಯನ್ನು ಕಂಡವರು, ಗಣೇಶೋತ್ಸವವನ್ನು ನಡೆಸುವಷ್ಟೇ ಮುತುವರ್ಜಿ ಅದರ ಮರುದಿನಕ್ಕೂ ಬೇಕೆಂದು ಒಪ್ಪುವರು. ಇಂಥ ಒಂದು ದಿನ ತೀರಕ್ಕಿಳಿಯುವ ಸಂಘಗಳಿಗೆ ನಮ್ಮದೊಂದು ಸಲಹೆ. ಪರದೇಶದ ಮೀನನ್ನೇ ನಕಲು ಮಾಡುವುದು ಏತಕ್ಕೆ? ನಮ್ಮ ಮಕ್ಕಳಿಗೆ ಗುರುತಿರುವ ಬಕಾಸುರನನ್ನು ಕಟ್ಟಿ. ಯಕ್ಷಗಾನದ ಬಣ್ಣದ ವೇಷದ ಆ ದೊಡ್ಡ ಕಿರೀಟಕ್ಕೆ ಬಾಟಲಿಯ ಮುಚ್ಚಳಗಳಿವೆ, ಹೊಟ್ಟೆಗೆ ಚೀಲಗಳಿವೆ, ಮೀಸೆಗೆ ಬಲೆಯ ಹಗ್ಗ ಧಾರಾಳವಾಗಿದೆ. ಏಕಚಕ್ರನಗರದವರು ಮನೆಗೊಂದು ಸರದಿಯಂತೆ ಬಕನಿಗೆ ಬಂಡಿ ಅನ್ನ ಕಳುಹಿಸುತ್ತಿದ್ದರು. ನಾವು ಸರದಿಯನ್ನೂ ಕಾಯದೆ ಮನೆಮನೆಯಿಂದ ದಿನವೂ ಕಳುಹಿಸುತ್ತೇವೆ. ಆಕೃತಿಯ ಪಕ್ಕದಲ್ಲಿ ಒಂದು ಹಲಗೆಯಿರಲಿ. ಇಂಥ ದಿನ, ಇಂಥ ತೀರದಲ್ಲಿ, ಇಷ್ಟು ಜನ, ಇಷ್ಟು ತಾಸು. ಚೀಲ ಇಷ್ಟು, ಬಾಟಲಿ ಇಷ್ಟು, ಪಾರ್ಸಲಿನ ಡಬ್ಬಿ ಇಷ್ಟು. ಗುರುತು ಓದಲು ಬಂದವುಗಳಲ್ಲಿ ಯಾವ ತಯಾರಕರದು ಎಷ್ಟು, ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿಡಬೇಕು. ಲೆಕ್ಕ ಬರೆಯುವ ಕೈಗಳಿಗೆ ನಮ್ಮಲ್ಲಿ ಬರವೇ? ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಅಂಕಿಗಳೊಡನೆ ಬಾಳುವ ನಮ್ಮ ಗುಮಾಸ್ತ ಬಂಧುಗಳು ಟೆಕ್ಸಾಸಿನವರ ಕಾರ್ಡಿಗಿಂತ ಅಚ್ಚುಕಟ್ಟಾದ ಕಾರ್ಡನ್ನು ತಯಾರಿಸಬಲ್ಲರು.

ಕೆಲವು ವ್ಯಾವಹಾರಿಕ ಸಂಗತಿಗಳು ಉಳಿದಿವೆ. ಬರಿಗೈಯಲ್ಲಿ ಹೆಕ್ಕಕೂಡದು; ಮರಳಿನಲ್ಲಿ ಗಾಜೂ ಇದೆ, ಆಸ್ಪತ್ರೆಯ ಸೂಜಿಯೂ ಇದೆ. ಚಿಕ್ಕ ಮಕ್ಕಳಿಗೆ ತೊಳೆದುಕೊಟ್ಟ ಮುಚ್ಚಳಗಳನ್ನು ಬಣ್ಣದ ಪ್ರಕಾರ ವಿಂಗಡಿಸುವ ಕೆಲಸ ಸಾಕು. ಕೂಡಿಸಿದ ರಾಶಿಯನ್ನು ಅದೇ ದಿನ ಎತ್ತುವ ಲಾರಿಗಾಗಿ ಪಾಲಿಕೆಯ ವಾರ್ಡ್ ಕಚೇರಿಗೆ ಮುಂಚಿತವಾಗಿ ಬರೆದು, ಉತ್ತರವನ್ನು ಪಡೆದ ಮೇಲೆಯೇ ದಿನವನ್ನು ಗೊತ್ತುಪಡಿಸಬೇಕು. ಇಲ್ಲವಾದರೆ ಭಾನುವಾರದ ರಾಶಿ ಮಂಗಳವಾರದ ಉಬ್ಬರಕ್ಕೆ ಮತ್ತೆ ಸಮುದ್ರದ ಪಾಲಾಗುತ್ತದೆ. ವರ್ಷದ 365 ದಿನವೂ ಅದೇ ತೀರವನ್ನು ಗುಡಿಸುವ ಸಫಾಯಿ ಕೆಲಸಗಾರರನ್ನು ಅಂದು ಬದಿಗೆ ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಯಾವ ನಾಲೆ ಏನನ್ನು ತರುತ್ತದೆ, ಯಾವ ಗಾಳಿಗೆ ಕಸ ಎಲ್ಲಿ ಬೀಳುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಮೊದಲು ಅವರನ್ನೇ ಕೇಳುವುದು ಯೋಗ್ಯ.

ಹೋಟೆಲ್ ಕೆಲಸಗಾರರಿಗೆ ಭಾನುವಾರ ಬಿಡುವಿಲ್ಲವೆಂಬುದು ನಮಗೆ ತಿಳಿದಿದೆ. ಊರೆಲ್ಲ ತೀರಕ್ಕೆ ಹೋಗುವ ಮುಂಜಾನೆಯೇ ಅವರು ದೋಸೆಯ ಕಾವಲಿಯ ಮುಂದೆ ನಿಂತಿರುತ್ತಾರೆ. ಅವರು ಬರಲಿಲ್ಲವೆಂದು ಯಾರೂ ಆಕ್ಷೇಪಿಸಬೇಕಾಗಿಲ್ಲ. ಅವರ ಪಾಲಿನ ಕೆಲಸ ಹೋಟೆಲಿನಲ್ಲಿಯೇ ಇದೆ. ಪಾರ್ಸಲಿಗೆ ಸ್ವಂತ ಡಬ್ಬಿ ತರುವ ಗಿರಾಕಿಗೆ ಚೀಲದ ವೆಚ್ಚವನ್ನು ಬಿಲ್ಲಿನಲ್ಲಿ ಕಡಿಮೆ ಮಾಡಿಕೊಡಬಹುದು. ನಿತ್ಯದ ಗಿರಾಕಿಗಳಿಗೆ ಠೇವಣಿ ಪಡೆದು ಸ್ಟೀಲ್ ಡಬ್ಬಿ ಕೊಡಬಹುದು. ಚಟ್ನಿಯನ್ನು ಎಲೆಯಲ್ಲಿ ಕಟ್ಟುವ ವಿದ್ಯೆಯನ್ನು ಹಳೆಯ ಭಟ್ಟರು ಇನ್ನೂ ಮರೆತಿಲ್ಲ. ಕೇಳದ ಗಿರಾಕಿಗೆ ಚಮಚ ಹಾಕದಿರುವುದಕ್ಕಂತೂ ಯಾವ ಖರ್ಚೂ ಇಲ್ಲ. ಇದರಿಂದ ವ್ಯಾಪಾರ ಕೆಡುವುದೆಂದು ಧಣಿಗಳು ಅಂಜಬಹುದು. ಒಂದೇ ಹೋಟೆಲು ಮಾಡಿದರೆ ಆ ಅಂಜಿಕೆಗೆ ಕಾರಣವಿದೆ. ಒಂದು ಬೀದಿಯ ಹೋಟೆಲಿನವರೆಲ್ಲರೂ ಕೂಡಿ ಗೊತ್ತುಮಾಡಿದರೆ ಗಿರಾಕಿಗೆ ಬೇರೆಡೆಗೆ ಹೋಗುವ ದಾರಿಯಿಲ್ಲ. ಗಲ್ಲಾದ ಮೇಲೆ ಕುಳಿತವರು ಒಂದು ತಿಂಗಳು ಇದನ್ನು ನಡೆಸಿ, ಚೀಲದ ಕಟ್ಟು ಎಷ್ಟು ಕಡಿಮೆ ತರಿಸಬೇಕಾಯಿತೆಂಬ ಲೆಕ್ಕವನ್ನು ತಮ್ಮ ಸಂಘಕ್ಕೆ ತಿಳಿಸಲಿ. ಬಕಾಸುರನ ಪಕ್ಕದ ಹಲಗೆಯಲ್ಲಿ ಆ ಅಂಕಿಗೂ ಸ್ಥಳವಿದೆ.